ಐಸಿಟಿ ಪ್ರಶಸ್ತಿ ಅರ್ಜಿ ರಾಜ್ಯ ಹಂತದಲ್ಲೇ ನಿಂತಿದ್ದಕ್ಕೆ
ಸ್ಮಾರ್ಟ್ ಬೋರ್ಡ್, ಲ್ಯಾಬ್, ನೂರಾರು ಸ್ಲೈಡ್ ಎಲ್ಲ ತೋರಿಸಿದರೂ ಶಿಕ್ಷಕರ ರಾಷ್ಟ್ರೀಯ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪ್ರಶಸ್ತಿಗೆ ಹೆಸರು ಮುಂದೆ ಹೋಗಲಿಲ್ಲ ಎಂದಿದ್ದೀರಿ. ಬಹುಶಃ ಕಾರಣ ಆ ಪಟ್ಟಿಯೇ. 2010ರಲ್ಲಿ ಶುರುವಾದ ಈ ಪ್ರಶಸ್ತಿ ಪಾಠದೊಳಗೆ ತಂತ್ರಜ್ಞಾನ ಬೆರೆಸಿದ ಶಿಕ್ಷಕರಿಗೆ, ಉಪಕರಣಗಳಿಗಲ್ಲ. ನಿಮ್ಮ ಅರ್ಜಿ ನೋಡದೆ ಇಷ್ಟೇ ಎಂದು ಖಚಿತವಾಗಿ ಹೇಳಲಾರೆ. ನನ್ನ ಮೊದಲ ಅರ್ಜಿ ಬಿದ್ದದ್ದು ಮಾತ್ರ ಹೀಗೇ.

ಮೊದಲು ಮಕ್ಕಳು ಎಡವುವ ಒಂದೇ ಪಾಠ ಆರಿಸಿ. ನಾನು ತ್ರಿಭುಜದ ಕೋನಗಳನ್ನು ಆರಿಸಿದೆ. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಶೃಂಗ ಎಳೆದಂತೆಲ್ಲ ಮೂರೂ ಕೋನ ಬದಲಾಗುತ್ತವೆ, ಮೊತ್ತ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಒಬ್ಬ ಹುಡುಗಿ ತ್ರಿಭುಜವನ್ನು ಹೆಚ್ಚುಕಡಿಮೆ ಗೆರೆಯಷ್ಟು ಚಪ್ಪಟೆ ಮಾಡಿ, "ಸಾರ್, ಇದಕ್ಕೂ 180ಏನಾ?" ಅಂದಳು. ನೂರು ಸ್ಲೈಡಿಗಿಂತ ಆ ಪ್ರಶ್ನೆ ದೊಡ್ಡದು.

ಆಮೇಲೆ ಅಂಥ ಗಳಿಗೆಯನ್ನು ಮೊಬೈಲಿನಲ್ಲಿ ಹಿಡಿಯಿರಿ. ಹಿನ್ನೆಲೆ ಸಂಗೀತ ಬೇಡ, ಮಕ್ಕಳ ಮಾತು ಕೇಳಿಸಲಿ. ಮುಖ ಕಾಣುವ ಮಕ್ಕಳ ಪೋಷಕರಿಂದ ಒಪ್ಪಿಗೆ ಪತ್ರ ಪಡೆಯಿರಿ. ಅದೇ ಮಗುವಿನ ನೋಟ್‌ಬುಕ್ಕಿನ ಪಾಠಕ್ಕೆ ಮುಂಚಿನ ಪುಟ, ನಂತರದ ಪುಟ ಎರಡನ್ನೂ ಜೋಡಿಸಿ. ನೀವೇ ಮಾಡಿದ ಸಾಮಗ್ರಿ ಎಷ್ಟು, ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಿಂದ ತಂದದ್ದೆಷ್ಟು ಎಂದು ಬಿಡಿಸಿ ಬರೆಯಿರಿ.

ಕೊನೆಗೆ ಅರ್ಜಿಯಲ್ಲಿ ಕೊಡುವ ಗೂಗಲ್ ಡ್ರೈವ್ ಕೊಂಡಿಗಳನ್ನು ನಿಮ್ಮ ಖಾತೆ ಇಲ್ಲದ ಫೋನಿನಲ್ಲಿ ತೆರೆದು ನೋಡಿ. ಅನುಮತಿ ಕೇಳಿದರೆ ಹಂಚಿಕೆಯನ್ನು "ಲಿಂಕ್ ಇರುವ ಯಾರಾದರೂ" ಎಂದು ಬದಲಿಸಿ. ಎಲ್ಲವೂ ತೆರೆದುಕೊಂಡ ಮೇಲೆಯೇ ಅರ್ಜಿ ಸಲ್ಲಿಸಿ.