ಎಲ್ಲರಿಗೂ ಬಡಿಸುವ ಮಗಳು ತಾನು ಉಣ್ಣುತ್ತಿಲ್ಲ

ಪ್ರಶ್ನೆ: ಮಗಳಿಗೆ 15 ವರ್ಷ. ಆರು ತಿಂಗಳ ಹಿಂದೆ ‘ಇನ್ಮೇಲೆ ಸಿಹಿ ತಿನ್ನಲ್ಲ’ ಎಂದಳು. ಒಳ್ಳೆಯದೇ ಅಂದುಕೊಂಡೆ. ಸ್ವಲ್ಪ ಇಳಿದಾಗ ‘ಚೆನ್ನಾಗಿ ಕಾಣ್ತೀಯ’ ಎಂದೂ ಹೇಳಿದೆ. ಈಗ ಊಟಕ್ಕೆ ಕರೆದರೆ ‘ಗೆಳತಿ ಮನೇಲಿ ಆಯ್ತು’ ಎನ್ನುತ್ತಾಳೆ. ಆದರೆ ಅಡುಗೆ ಎಂದರೆ ಪ್ರಾಣ. ತಮ್ಮನಿಗೆ ಹೊಸ ಹೊಸದು ಮಾಡಿ ಬಡಿಸುತ್ತಾಳೆ, ರಾತ್ರಿಯೆಲ್ಲ ಅಡುಗೆ ವಿಡಿಯೊ ನೋಡುತ್ತಾಳೆ. ಮೊನ್ನೆ ಹಾಸಿಗೆ ಸರಿಮಾಡುವಾಗ ಒಂದು ನೋಟ್‌ಬುಕ್ ಸಿಕ್ಕಿತು. ದಿನಾ ತಿಂದದ್ದರ ಲೆಕ್ಕ, ಪಕ್ಕದಲ್ಲಿ ತನಗೆ ತಾನೇ ಬೈದುಕೊಂಡ ಸಾಲುಗಳು. ಕೇಳಿದರೆ ‘ಕದ್ದು ಓದಿದೆ’ ಎಂದು ನನ್ನನ್ನು ನಂಬುವುದನ್ನೇ ಬಿಟ್ಟಾಳು. ಯಜಮಾನರು ‘ವಯಸ್ಸಿನ ಹುಚ್ಚು, ಅಷ್ಟೇನೂ ಸಣ್ಣ ಆಗಿಲ್ಲವಲ್ಲ’ ಎನ್ನುತ್ತಾರೆ. ನಾನು ಸುಮ್ನೆ ಇರಲೇ?

ಉತ್ತರ: ಸುಮ್ನೆ ಇರಬೇಡಿ.

ನಿಮ್ಮ ಪತ್ರದಲ್ಲಿ ನೋಟ್‌ಬುಕ್ಕಿಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ಅಡುಗೆ. ಅಡುಗೆ ಮೇಲೆ ಇಷ್ಟು ಆಸೆ ಇರುವವಳಿಗೆ ಊಟದ ತೊಂದರೆ ಹೇಗೆ ಬಂದೀತು ಎಂದು ನಿಮಗೆ ಅನಿಸಿದೆ, ಅಲ್ವಾ?

ಒಂದು ಹಳೆಯ ಸಂಗತಿ ಹೇಳುತ್ತೇನೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಎಲ್ಲರೂ ಗಟ್ಟಿಮುಟ್ಟಾದವರು, ತಾವಾಗಿಯೇ ಒಪ್ಪಿ ಬಂದವರು. ಯುದ್ಧದಲ್ಲಿ ಹಸಿದು ಬಸವಳಿದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯಲು ಮಾಡಿದ ಪ್ರಯೋಗ ಅದು. ದಿನ ಕಳೆದಂತೆ ಅವರ ತಲೆಯಲ್ಲಿ ಊಟ ಬಿಟ್ಟು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಹುಡುಕಿ ಓದಿದರು. ತಟ್ಟೆಯಲ್ಲಿದ್ದ ಚೂರುಪಾರನ್ನೇ ಎಳೆದೆಳೆದು ತಿಂದರು. ಗೆಳೆಯರು ಬೇಡವಾದರು, ಮಾತುಮಾತಿಗೆ ಸಿಟ್ಟು, ಮೈಗೆ ಸದಾ ಚಳಿ. ಇವರಿಗೆ ತೆಳ್ಳಗಾಗುವ ಆಸೆಯೇನೂ ಇರಲಿಲ್ಲ. ಹಸಿವೆ ಹೀಗೆ ಆಡಿಸಿತ್ತು. ನಿಮ್ಮ ಮಗಳ ಒಳಗಿನ ಹಸಿವೆಯೂ ತಮ್ಮನ ತಟ್ಟೆಯಲ್ಲಿ, ಮೊಬೈಲಿನ ವಿಡಿಯೊದಲ್ಲಿ ದಾರಿ ಹುಡುಕುತ್ತಿರಬಹುದು.

ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸ ಅಲ್ಲ. ಹದಿವಯಸ್ಸಿನಲ್ಲಿ ಡಯಟ್ ಹುಚ್ಚು ಬರುವುದು, ಕನ್ನಡಿ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಮಾಮೂಲು. ಅಂಥ ಹುಚ್ಚು ಗೆಳೆಯರ ಜೊತೆ ಕೂತ ತಕ್ಷಣ ಮುರಿಯುತ್ತದೆ, ಮುರಿದಿದ್ದಕ್ಕೆ ಮಕ್ಕಳು ನಗುತ್ತಾರೆ. ಒಂದು ತುತ್ತು ಜಾಸ್ತಿ ತಿಂದಿದ್ದಕ್ಕೆ ತನ್ನನ್ನೇ ಬೈದುಕೊಳ್ಳುವುದು, ಊಟ ತಪ್ಪಿಸಲು ಸುಳ್ಳು ಹೇಳುವುದು, ಊಟ ಇರುವ ಕಡೆಗೆಲ್ಲ ಹೋಗುವುದನ್ನೇ ನಿಲ್ಲಿಸುವುದು ಬೇರೆ ಜಾತಿಯ ವಿಷಯ. ಇದರ ಜೊತೆಗೆ ಉಂಡ ಕೂಡಲೇ ಬಚ್ಚಲು ಸೇರುತ್ತಾಳಾ, ಸೆಕೆಯಲ್ಲೂ ದೊಗಳೆ ಬಟ್ಟೆ ಹಾಕುತ್ತಾಳಾ, ಜ್ವರ ಬಂದರೂ ವ್ಯಾಯಾಮ ಬಿಡುವುದಿಲ್ಲವಾ, ಮುಟ್ಟು ತಪ್ಪಿದೆಯಾ, ಎದ್ದು ನಿಂತರೆ ತಲೆ ಸುತ್ತುತ್ತದಾ ಎಂದು ಗಮನಿಸಿ. ಪತ್ತೇದಾರಿ ಬೇಡ, ಕಣ್ಣಿಗೆ ಬಿದ್ದದ್ದು ಸಾಕು.

ಯಜಮಾನರ ‘ಅಷ್ಟೇನೂ ಸಣ್ಣ ಆಗಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹದಿನೈದರ ಹುಡುಗಿ ಇನ್ನೂ ಬೆಳೆಯುತ್ತಿರುತ್ತಾಳೆ. ಆ ವಯಸ್ಸಿನಲ್ಲಿ ಏರಬೇಕಾದ ತೂಕ ನಿಂತರೂ ಅದು ನಷ್ಟವೇ. ಮೈ ತುಂಬಿಕೊಂಡಿದ್ದ ಮಗು ಬೇಗ ಇಳಿದರೆ ನೋಡುವವರಿಗೆ ಸರಿಯಾಗೇ ಕಾಣುತ್ತದೆ, ಒಳಗೆ ನಾಡಿ ನಿಧಾನವಾಗಿರಬಹುದು. ಹುಡುಗರಿಗೂ ಊಟದ ಈ ತೊಂದರೆ ಬರುತ್ತದೆ, ಆದರೆ ಅವರ ಬಾಯಲ್ಲಿ ‘ತೆಳ್ಳಗಾಗಬೇಕು’ ಎನ್ನುವುದಕ್ಕಿಂತ ‘ಮಸಲ್ ಬರಬೇಕು’ ಎಂಬ ಮಾತು ಜಾಸ್ತಿ. ಈ ತೊಂದರೆಯನ್ನು ಗುರುತಿಸಲು 1999ರಲ್ಲಿ ಇಂಗ್ಲೆಂಡಿನ ವೈದ್ಯರು ಐದು ಸರಳ ಪ್ರಶ್ನೆ ಮಾಡಿಟ್ಟರು. ಹೊಟ್ಟೆ ತುಂಬಿದ ಹಿಂಸೆಗೆ ವಾಂತಿ ಮಾಡಿಕೊಳ್ಳುತ್ತೀಯಾ? ತಿನ್ನುವುದು ಕೈಮೀರಿ ಹೋಗಿದೆ ಎಂಬ ಚಿಂತೆ ಇದೆಯಾ? ಮೂರು ತಿಂಗಳಲ್ಲಿ ಆರು ಕಿಲೊಗಿಂತ ಜಾಸ್ತಿ ಇಳಿದಿದ್ದೀಯಾ? ಬೇರೆಯವರು ಸಣ್ಣ ಎಂದರೂ ದಪ್ಪ ಇದ್ದೇನೆ ಅನಿಸುತ್ತದಾ? ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯಾ? ಎರಡಕ್ಕೆ ಹೌದು ಎಂದರೆ ವೈದ್ಯರು ಮುಂದೆ ಪರೀಕ್ಷಿಸಬೇಕು. ಐದರಲ್ಲಿ ತೂಕದ ಮಾತು ಬಂದದ್ದು ಒಂದೇ ಸಲ, ನೋಡಿದಿರಾ?

ಇನ್ನು ನೋಟ್‌ಬುಕ್. ನಿಜ ಹೇಳಿಬಿಡಿ. ‘ಹಾಸಿಗೆ ಸರಿಮಾಡುವಾಗ ಸಿಕ್ಕಿತು, ಓದಿದೆ. ಓದಬಾರದಿತ್ತು. ಆದರೆ ಓದಿದ ಮೇಲೆ ಏನೂ ಗೊತ್ತಿಲ್ಲದ ಹಾಗೆ ಇರಲು ನನಗೆ ಆಗಲ್ಲ.’ ಊಟದ ಹೊತ್ತಿನಲ್ಲಿ ಬೇಡ, ತಮ್ಮನ ಎದುರು ಬೇಡ. ತೂಕದ ಮಾತೇ ಎತ್ತಬೇಡಿ. ‘ನೀನು ನಗುವುದು ಕಡಿಮೆಯಾಗಿದೆ, ಮುಖ ಬಾಡಿದೆ’ ಎನ್ನಿ. ಅವಳು ಸಿಟ್ಟಾಗುತ್ತಾಳೆ, ಬಾಗಿಲು ಹಾಕಿಕೊಳ್ಳಲೂಬಹುದು. ಈ ತೊಂದರೆ ಇರುವವರಿಗೆ ಊಟದ ಮೇಲಿನ ತಮ್ಮ ಹಿಡಿತವನ್ನು ಯಾರಾದರೂ ಕಿತ್ತುಕೊಳ್ಳುತ್ತಾರೆ ಎಂಬ ಭಯ ಇರುತ್ತದೆ. ಜ್ವರದಲ್ಲಿ ಮೈ ಸುಡುತ್ತಿದ್ದರೆ ಅವಳ ಒಪ್ಪಿಗೆಗೆ ಕಾಯುತ್ತಿದ್ದಿರಾ? ಇಲ್ಲೂ ಕಾಯಬೇಡಿ. ಮುನಿಸು ಕೆಲವು ದಿನ ಇರುತ್ತದೆ, ಇರಲಿ.

ಅಂದು ಆಡಿದ ‘ಚೆನ್ನಾಗಿ ಕಾಣ್ತೀಯ’ ಎಂಬ ಮಾತಿಗೆ ನೀವು ಕೊರಗುತ್ತಿದ್ದೀರಿ ಎಂದು ಕಾಣುತ್ತದೆ. ಒಂದು ಮಾತಿನಿಂದ ಈ ತೊಂದರೆ ಹುಟ್ಟುವುದಿಲ್ಲ. ವಂಶ, ಸ್ವಭಾವ, ಶಾಲೆಯಲ್ಲಿ ಕೇಳಿದ ಗೇಲಿ, ಶುರು ಮಾಡಿದ ಡಯಟ್, ಎಲ್ಲ ಸೇರಿರುತ್ತದೆ. ಇನ್ನು ಮುಂದೆ ಯಾರ ಮೈಯ ಬಗ್ಗೆಯೂ ಮನೆಯಲ್ಲಿ ಮಾತು ಬೇಡ. ‘ಅಯ್ಯೋ ನಾನೆಷ್ಟು ಊದಿದ್ದೀನಿ’ ಎಂದು ನೀವೇ ಕನ್ನಡಿಗೆ ಹೇಳಿಕೊಳ್ಳುವುದೂ ಸೇರಿ!

ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಮಲಗಿದಾಗ, ನಿಂತಾಗ ನಾಡಿ ಮತ್ತು ಬಿಪಿ, ಜೊತೆಗೆ ರಕ್ತಪರೀಕ್ಷೆ ಮಾಡಲಿ. ಆಮೇಲೆ ಮನೋವೈದ್ಯರು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಒಂದು ಚಿಕಿತ್ಸೆಯಲ್ಲಿ ಅಪ್ಪ ಅಮ್ಮನೇ ಊಟದ ಉಸ್ತುವಾರಿ ವಹಿಸುತ್ತಾರೆ, ಹದಿವಯಸ್ಸಿನವರಿಗೆ ಅದು ಚೆನ್ನಾಗಿ ಒಗ್ಗಿದೆ. ಅಂಥದ್ದು ಸಿಗುತ್ತದಾ ಎಂದು ಕೇಳಿ. ಅಷ್ಟರೊಳಗೆ ಹೆದರಿ ಒಮ್ಮೆಲೇ ಜಾಸ್ತಿ ತಿನ್ನಿಸಲು ಹೋಗಬೇಡಿ. ತುಂಬಾ ದಿನ ಸರಿಯಾಗಿ ಉಣ್ಣದ ಮೈಗೆ ಅದರಿಂದಲೇ ಅಪಾಯ ಆಗಬಹುದು. ಪ್ರಜ್ಞೆ ತಪ್ಪಿದರೆ, ಎದೆ ಡವಗುಟ್ಟಿದರೆ, ನೀರೂ ಬೇಡ ಎಂದರೆ, ಬದುಕೇ ಬೇಡ ಎಂಬ ಮಾತು ಬಂದರೆ ವಾರ ಗೀರ ಎನ್ನದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ‘ವಯಸ್ಸಿನ ಹುಚ್ಚು’ ಎಂದು ಅವರು ಅಲ್ಲೇ ಹೇಳಲಿ, ಡಾಕ್ಟರೇ ಉತ್ತರ ಕೊಡುತ್ತಾರೆ.