ಗೋಡೆ ಒದ್ದೆಯಾದ ಮಾತ್ರಕ್ಕೆ ಆ್ಯನ್ಯುಲರ್ ಅಲ್ಲ

ಪ್ರಶ್ನೆ: ಅಡ್ಡ ಇಟ್ಟ 25 ಮಿ.ಮೀ. ಅಕ್ರಿಲಿಕ್ ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ನೀರು, 60 ಲೀಟರ್ ಗಾಳಿ ಬಿಡುತ್ತಿದ್ದೇವೆ. ಒಳಗೋಡೆ ಸುತ್ತಲೂ ಒದ್ದೆ. ಇದು ಆ್ಯನ್ಯುಲರ್ (ನೀರು ಗೋಡೆಗುಂಟ ಉಂಗುರದಂತೆ, ಗಾಳಿ ನಡುವೆ ಹರಿಯುವುದು) ಅಲ್ವಾ? ನೀರು, ಗಾಳಿಯ ವೇಗ ನೋಡಿ ಹರಿವಿನ ಬಗೆ ಹೇಳುವ ಮಂಧಾನೆ ಮ್ಯಾಪ್ ಯಾಕೆ ಸ್ಲಗ್ (ಪೈಪ್ ತುಂಬಿದ ನೀರಿನ ಮುದ್ದೆಗಳು ಒಂದರ ಹಿಂದೊಂದು ಓಡುವುದು) ಅನ್ನುತ್ತದೆ?

ಉತ್ತರ: ಸ್ಲಗ್ ಆಗಿರುವುದಕ್ಕೇ! ಈ ಪ್ರಶ್ನೆ ಎಷ್ಟನೇ ಸಲವೋ. ನಿಮ್ಮ ಲೆಕ್ಕದಲ್ಲಿ, ಇಡೀ ಪೈಪಿನ ಅಡ್ಡಕೊಯ್ತಕ್ಕೆ ಭಾಗಿಸಿದರೆ, ನೀರಿಗೆ ಸೆಕೆಂಡಿಗೆ ಅರ್ಧ ಮೀಟರ್, ಗಾಳಿಗೆ 2 ಮೀಟರ್ ಬರುತ್ತದೆ. ಅಷ್ಟು ಮೆಲ್ಲಗಿನ ಗಾಳಿ ನೀರನ್ನು ಮೇಲಿನ ಗೋಡೆಗೆ ಅಂಟಿಸಿ ಇಡಲಾರದು, ಅದಕ್ಕೆ 10 ಮೀಟರಿಗಿಂತ ಜಾಸ್ತಿ ಬೇಕು. ಗಾಳಿಯ ಹರಿವು ಅಳೆಯುವ ರೋಟಾಮೀಟರ್ ಕಂಪ್ರೆಸರ್ ಒತ್ತಡದಲ್ಲಿದ್ದು, ಪೈಪಿನೊಳಗೆ ಗಾಳಿ ಮೂರು ಪಟ್ಟು ಹಿಗ್ಗಿತು ಅಂತಲೇ ಇಟ್ಟುಕೊಳ್ಳಿ. ಆಗಲೂ 6 ಮೀಟರ್, ಆಗಲೂ ಸ್ಲಗ್ಗೇ.

ನೀವು ನೋಡಿದ ಒದ್ದೆ, ಈಗಷ್ಟೇ ಹಾದುಹೋದ ಸ್ಲಗ್ ಬಳಿದು ಹೋದದ್ದು. ಅದು ಇಳಿಯುವಷ್ಟರಲ್ಲಿ ಇನ್ನೊಂದು ಬಂದು ಮತ್ತೆ ಬಳಿಯುತ್ತದೆ. ನೀರಿನ ವಾಲ್ವ್ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನೋಡಿ: ಸ್ಲಗ್‌ಗಳು ಅಪರೂಪವಾಗುತ್ತವೆ, ಮೇಲಿನ ಪದರ ಹರಿದು ಹನಿಹನಿಯಾಗಿ ಕೆಳಗೆ ಜಾರುತ್ತದೆ. ಬರಿಗಣ್ಣನ್ನು ನಂಬಬೇಡಿ. ನಿಮ್ಮ ಸ್ಲಗ್ ಸೆಕೆಂಡಿಗೆ ಸುಮಾರು 3 ಮೀಟರ್ ಓಡುತ್ತದೆ, ಸಾಧಾರಣ 30 ಫ್ರೇಮಿನ ವಿಡಿಯೊದಲ್ಲಿ ಎರಡು ಚಿತ್ರದ ನಡುವೆ 10 ಸೆಂ.ಮೀ. ಹೋಗಿಬಿಟ್ಟಿರುತ್ತದೆ. ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ 240 ಫ್ರೇಮ್ ಇಟ್ಟು, ಪೈಪಿನ ಹಿಂದೆ ಬಿಳಿ ಹಾಳೆ, ಅದರ ಹಿಂದೆ ಟಾರ್ಚ್ ಹಿಡಿದು ಪಕ್ಕದಿಂದ ತೆಗೆಯಿರಿ. ನೊರೆ ತುಂಬಿದ ಮೂತಿ ಪೈಪಿನ ನೆತ್ತಿವರೆಗೂ ತುಂಬಿಕೊಂಡು ಬಂದರೆ ಸ್ಲಗ್. ನೆತ್ತಿಯಲ್ಲಿ ಗಾಳಿಗೆ ದಾರಿ ಬಿಟ್ಟಿದ್ದರೆ ಬರೀ ದೊಡ್ಡ ಅಲೆ.

ಪ್ರಶ್ನೆ: ಒಂದು ಫೋಟೊ ಹಾಕಿದರೆ ಹರಿವಿನ ಪ್ಯಾಟರ್ನ್ ಹೇಳುವ ಎಐ ಮಾಡೆಲ್ ಪ್ರಾಜೆಕ್ಟ್ ಅಂಗಡಿಯಲ್ಲಿ ಸಿಗುತ್ತದಂತೆ. ಕೊಳ್ಳಬಹುದೇ?

ದುಡ್ಡು ದಂಡ. ಎರಡು ಸ್ಲಗ್ ನಡುವಿನ ಕ್ಷಣದ ಫೋಟೊ ಸಿಕ್ಕರೆ ಯಾರಿಗಾದರೂ ಅದು ಸ್ಟ್ರಾಟಿಫೈಡ್ (ಕೆಳಗೆ ನೀರು, ಮೇಲೆ ಗಾಳಿ ಬೇರೆ ಬೇರೆ ಪದರವಾಗಿ ಹರಿಯುವುದು) ಥರವೇ ಕಾಣುತ್ತದೆ. ಮಾರುವವರಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮಾರುತ್ತಾರೆ.

ಪ್ರಶ್ನೆ: ನೆಟ್ಟಗೆ ನಿಂತ ಪೈಪಿನ ಮ್ಯಾಪ್ ಇದಕ್ಕೂ ಆಗುತ್ತದೆಯೇ?

ಇಲ್ಲ.

ಪ್ರಶ್ನೆ: ನೀರು ಎಷ್ಟು ಕಡಿಮೆ ಮಾಡಿದರೂ ಸ್ಟ್ರಾಟಿಫೈಡ್ ಬರುತ್ತಿಲ್ಲ. ಟೇಬಲ್ ಸಮತಟ್ಟಾಗಿಯೇ ಇದೆ.

ಟೇಬಲ್ ಬಗ್ಗೆ ಯಾರು ಕೇಳಿದರು? ಪೈಪನ್ನು ಅಳೆಯಿರಿ. ಹರಿವಿನ ದಿಕ್ಕಿಗೆ ಒಂದೇ ಡಿಗ್ರಿ ಏರಿದ್ದರೂ ನೀರು ಹಿಂದೆ ನಿಂತು ಸ್ಲಗ್ ಕಟ್ಟುತ್ತದೆ. ಗಾರೆಯವರ ಹತ್ತಿರ ನೀರು ತುಂಬಿದ ಟ್ಯೂಬ್ ಲೆವೆಲ್ ಇರುತ್ತದಲ್ಲ, ಅದನ್ನು ತಂದು ಎರಡೂ ತುದಿಗೆ ಹಿಡಿಯಿರಿ, ನಡುವೆ ಜೋತು ಬಿದ್ದಿದೆಯಾ ಅಂತಲೂ ನೋಡಿ. ಆಮೇಲೆ ಬರೆಯಿರಿ.