ಹಿತ್ತಲಿನಲ್ಲಿ ಶೆಡ್ಡು ಹಾಕಿಸುವ ಮೊದಲು

ತಮ್ಮಾ, ಪುಣೆ ಪಕ್ಕದ ಮೋಶಿಯಲ್ಲಿ ರೋಹೌಸ್ (ಸಾಲುಮನೆ) ಕೊಂಡಿರುವುದು ತಿಳಿದು ಸಂತೋಷವಾಯಿತು. ಊರಿನಿಂದ ಬರುವ ಜೋಳದ ಚೀಲ, ಹಳೆಯ ಕಪಾಟು, ಮಕ್ಕಳ ಸೈಕಲ್ಲು ಇಡಲು ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕಿಸಬೇಕು, ಪುಣೆಯಲ್ಲಿ ಇಷ್ಟಕ್ಕೂ ಯಾರನ್ನಾದರೂ ಕೇಳಬೇಕೇ ಅಕ್ಕಾ ಎಂದಿದ್ದೀಯ. ಕೇಳಲೇಬೇಕು. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ಎರಡು ಗಳ ನೆಟ್ಟು ತಗಡು ಹೊದಿಸಿದರೆ ಕೇಳುವವರಿಲ್ಲ. ಇಲ್ಲಿ ಹಾಗಲ್ಲ. ಮನೆಯ ಹಿಂದಿನ ಜಾಗ ನಿನ್ನ ಹೆಸರಿನಲ್ಲಿದ್ದರೂ, ಅದನ್ನು ತೆರವಾಗಿ ಬಿಡಬೇಕೆಂಬ ಕರಾರಿನ ಮೇಲೆಯೇ ಮನೆಗೆ ಮಂಜೂರಾತಿ ಸಿಕ್ಕಿರುತ್ತದೆ.

ಹೀಗೆ ಬಿಟ್ಟ ಜಾಗವನ್ನು ಇಲ್ಲಿ ಎಲ್ಲರೂ ಮಾರ್ಜಿನ್ ಎನ್ನುತ್ತಾರೆ. ಮುಂಬಯಿ ನಗರವನ್ನು ಬಿಟ್ಟು ಮಹಾರಾಷ್ಟ್ರದ ಬಹುಪಾಲಿಗೆ 2020ರ ಡಿಸೆಂಬರಿನಿಂದ ಒಂದೇ ಕಟ್ಟಡ ನಿಯಮಾವಳಿ ಇದೆ. ಅದರ ಹೆಸರು ಯುಡಿಸಿಪಿಆರ್, ಯಾವ ಇಂಜಿನಿಯರಿಗೂ ಗೊತ್ತು. ನಿವೇಶನದ ಅಳತೆಯ ಮೇಲೆ ಮಾರ್ಜಿನ್ ಬದಲಾಗುತ್ತದೆ. ಆದ್ದರಿಂದ ಪಕ್ಕದ ಮನೆಯವರು ಹಾಕಿಸಿದ್ದಾರೆ ಎಂಬುದನ್ನು ಆಧಾರವಾಗಿ ಹಿಡಿಯಬೇಡ. ಬಿಲ್ಡರನಿಂದ ಮಂಜೂರಾದ ನಕಾಶೆಯ ಪ್ರತಿ ತರಿಸಿಕೊ. ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ, ಸಂಕೋಚಪಡದೆ ಓದಬಲ್ಲವರಿಂದ ಓದಿಸು.

ನಕಾಶೆ ಕೈಗೆ ಬಂದ ಮೇಲೆ ಹಿತ್ತಲಿಗೆ ಹೋಗಿ ನೆಲ ನೋಡು. ರೋಹೌಸುಗಳಲ್ಲಿ ಅಡುಗೆಮನೆ, ಬಚ್ಚಲಿನ ಕೊಳವೆಗಳು ಸಾಮಾನ್ಯವಾಗಿ ಹಿಂದಿನಿಂದಲೇ ಹೋಗುತ್ತವೆ. ಅಲ್ಲಲ್ಲಿ ಚೇಂಬರುಗಳ, ಎಂದರೆ ಕೊಳವೆ ಶುಚಿ ಮಾಡುವ ಗುಂಡಿಗಳ, ಚೌಕಾಕಾರದ ಮುಚ್ಚಳಗಳು ಕಾಣುತ್ತವೆ. ಕೆಲವರು ಅದರ ಮೇಲೆಯೇ ಕಾಂಕ್ರೀಟ್ ಹಾಕಿ ಶೆಡ್ಡಿನ ನೆಲ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಕೊಳವೆ ಕಟ್ಟಿಕೊಂಡರೆ ಒಂದು ಮನೆಯ ಮುಚ್ಚಳ ತೆಗೆಯಲಾಗದ ಕಾರಣಕ್ಕೆ ಇಡೀ ಸಾಲಿನ ಬಚ್ಚಲುಗಳಲ್ಲಿ ಹೊಲಸು ನೀರು ಮೇಲೇಳುತ್ತದೆ. ಅಂಥ ನೆರೆಹೊರೆಯ ಶಾಪ ಯಾರಿಗೂ ಬೇಡ.

ಮೋಶಿ ಎಂದದ್ದಕ್ಕೆ ಇನ್ನೊಂದು ಮಾತು. ಇಂದ್ರಾಯಣಿ ನದಿ ಹತ್ತಿರವಿದೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಗುರುತು ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು ರೇಖೆ. ನೀಲಿ ರೇಖೆಯ ಒಳಗೆ ಕಟ್ಟಿದ್ದ 36 ಬಂಗಲೆಗಳನ್ನು 2025ರ ಮೇ ತಿಂಗಳಲ್ಲಿ ಪಕ್ಕದ ಚಿಖಲಿಯಲ್ಲಿ ಪಾಲಿಕೆಯವರು ನೆಲಸಮ ಮಾಡಿದರು. ಬಂಗಲೆಗಳ ಗತಿಯೇ ಹಾಗಾದಾಗ ಶೆಡ್ಡಿನ ಮಾತೇನು? ನಿನ್ನ ಸರ್ವೆ ನಂಬರು ಯಾವ ರೇಖೆಗೆ ಹತ್ತಿರವಿದೆ ಎಂದು ಇಂದೇ ವಿಚಾರಿಸು, ಶೆಡ್ಡಿಗಿಂತ ಇದು ಮುಖ್ಯ.

ಅನುಮತಿಯಿಲ್ಲದೆ ಕಟ್ಟಿದರೆ 1966ರ ನಗರ ಯೋಜನಾ ಕಾಯ್ದೆಯಡಿ ನೋಟಿಸು ಬರುತ್ತದೆ, ಕೆಡವುವ ಖರ್ಚು ಕಟ್ಟಿದವರದೇ. ಅನಧಿಕೃತ ಕಟ್ಟಡಕ್ಕೆ ಆಸ್ತಿ ತೆರಿಗೆಯ ಎರಡು ಪಟ್ಟಿನವರೆಗೆ ಶಾಸ್ತಿಕರ, ಎಂದರೆ ದಂಡದ ತೆರಿಗೆಯೂ ಬೀಳಬಹುದು. ಮೋಶಿ ಸೇರಿರುವ ಪಿಂಪ್ರಿ-ಚಿಂಚವಡ ಪಾಲಿಕೆಯಲ್ಲಿ 2023ರಲ್ಲಿ ಮನ್ನಾ ಮಾಡಿದ್ದು ಈ ಕರದ ಹಳೆಯ ಬಾಕಿಯನ್ನು. ಅದನ್ನು ನಂಬಿ ಹೊಸದಾಗಿ ಕಟ್ಟುವುದು ಸರಿಯಲ್ಲ.

ನನ್ನನ್ನು ಕೇಳಿದರೆ ಜೋಳವನ್ನು ಹೊರಗೆ ಇಡುವ ಆಲೋಚನೆಯನ್ನೇ ಬಿಡು. ಏಪ್ರಿಲಿನಲ್ಲಿ ತಗಡಿನ ಕೆಳಗೆ ಕೈ ಇಡಲಾಗದಷ್ಟು ಕಾವು, ಜುಲೈಯಲ್ಲಿ ತೇವ. ಹುಳು ಬಿದ್ದು, ಬೂಷ್ಟು ಹಿಡಿದು ಅಪ್ಪ ಕಳಿಸಿದ ಕಾಳು ಹಾಳಾಗುತ್ತದೆ. ಒಳಗೆ ಅಟ್ಟ ಮಾಡಿಸಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿಡು. ಸೈಕಲ್ಲು, ಸಲಿಕೆ, ಬಣ್ಣದ ಡಬ್ಬಿಗಳಿಗೆ ಎದೆಯೆತ್ತರದ, ಕಾಲುಗಳಿರುವ ಕಬ್ಬಿಣದ ಕಪಾಟು ಸಾಕು. ಬೆಸುಗೆ ಬೇಡ, ನಟ್ಟು-ಬೋಲ್ಟಿನಲ್ಲಿ ಜೋಡಿಸಿದ್ದಿರಲಿ. ಬೇಕಾದಾಗ ಬಿಚ್ಚಿ ಸರಿಸಬಹುದು. ಕಂಪೌಂಡಿಗೆ ಅಂಟಿಸದೆ, ಮೇಲಿನ ನೀರು ನಿನ್ನ ಅಂಗಳಕ್ಕೇ ಬೀಳುವಂತೆ ಇಳಿಜಾರು ಕೊಡಿಸು. ಅಡ್ಡಮಳೆಯ ಗಾಳಿಗೆ ಉರುಳದಂತೆ ಭಾರದ ಸಾಮಾನು ತಳದಲ್ಲಿರಲಿ. ತರಿಸುವ ಮೊದಲು ಸೊಸೈಟಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊ.

ಇಷ್ಟಾದ ಮೇಲೂ ಗೋಡೆ, ಚಾವಣಿಯ ಕೋಣೆಯೇ ಬೇಕೆಂದರೆ ಪರವಾನಗಿ ಪಡೆದ ಇಂಜಿನಿಯರನ ಮೂಲಕ ಪಾಲಿಕೆಗೆ ಅರ್ಜಿ ಹಾಕಬೇಕು. ನಕಾಶೆಯಲ್ಲಿ ಹಿಂದಿನ ಮಾರ್ಜಿನ್ ಎಷ್ಟು ಮೀಟರ್ ಎಂದಿದೆ, ಚೇಂಬರುಗಳು ಎಲ್ಲಿವೆ ಎಂದು ಬರೆದು ಕಳಿಸು. ಎಷ್ಟು ಅಗಲದ ಕಪಾಟು ಹಿಡಿಸುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ.